ಶಿಷ್ಯನಿಂದ ಬಂದ ಪತ್ರ

ನಿವೃತ್ತ ಶಿಕ್ಷಕರ ಮನೆಗಳಿಗೆ ಭೇಟಿ ಕೊಡುವ ಧರ್ಮಗುರುಗಳಿಗೆಲ್ಲ ಒಂದು ಅನುಭವ ಸಾಮಾನ್ಯ. ಕುಶಲ ಸಮಾಚಾರ, ಮಂಡಿನೋವಿನ ವರದಿ, ಕಾಫಿ ಇವೆಲ್ಲ ಮುಗಿದ ಮೇಲೆ ಮನೆಯ ಹಿರಿಯರು ಮೆಲ್ಲನೆ ಎದ್ದು ಕಪಾಟಿನ ಬಾಗಿಲು ತೆರೆಯುತ್ತಾರೆ. ಶಿಕ್ಷಕರ ದಿನಾಚರಣೆಯಂದು ದೊರೆತ ಶಾಲು, ಫಲಕಗಳು ಅಲ್ಲಿಯೇ ಇದ್ದರೂ ಕೈ ಅವುಗಳತ್ತ ಹೋಗುವುದಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಿಂದ ಮಡಿಕೆ ಬಿದ್ದ ಕಾಗದವೊಂದು ಹೊರಬರುತ್ತದೆ. ಯಾವುದೋ ಆಸ್ಪತ್ರೆಯಲ್ಲಿ ದಾದಿಯಾಗಿರುವ ಹುಡುಗಿ, ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ಹುಡುಗ ಎಂದೋ ಬರೆದ ನಾಲ್ಕು ಸಾಲು. ಈಚೆಗೆ ಕಾಗದದ ಬದಲು ಮೊಬೈಲಿನಲ್ಲಿ ಬಂದ ಸಂದೇಶವನ್ನು ತೋರಿಸುವವರೂ ಇದ್ದಾರೆ. ಅದು ಅಳಿಸಿಹೋದೀತೆಂದು ಮೊಮ್ಮಗನಿಂದ ಹಾಳೆಯ ಮೇಲೆ ಬರೆಸಿ ಇಟ್ಟುಕೊಂಡವರೂ ಇದ್ದಾರೆ. ಓದಿ ಹಿಂದಿರುಗಿಸುವಾಗ ಅವರ ಮುಖದಲ್ಲಿ ಕಾಣುವ ಬೆಳಕಿಗೆ ಏನು ಹೆಸರಿಡಬೇಕು? ಹೆಮ್ಮೆಯೆನ್ನೋಣವೆ? ಹಾಗಾದರೆ ಏಳು ಮೂಲಪಾಪಗಳ ಸಾಲಿನಲ್ಲಿ ಮೊದಲನೆಯದಾದ ಗರ್ವಕ್ಕೂ ಇದಕ್ಕೂ ಸಂಬಂಧವೇನು?

ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಜಗತ್ತಿನ ಸಾಹಿತ್ಯದಲ್ಲಿ ಪ್ರಸಿದ್ಧವಾದ ಎರಡು ಪತ್ರಗಳು ನಮಗೆ ನೆರವಾಗುತ್ತವೆ. ಮೊದಲನೆಯದನ್ನು ಬರೆದವರು ಫ್ರೆಂಚ್ ಲೇಖಕ ಆಲ್ಬೆರ್ ಕಮೂ. ಎರಡನೆಯದನ್ನು ಬರೆದವರು ಅವರಿಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಲೂಯಿ ಜೆರ್ಮೇನ್ ಎಂಬ ಮೇಷ್ಟ್ರು.

ಕಮೂ ಅವರ ಹೆಸರು ಕನ್ನಡದ ಓದುಗರಿಗೆ ಹೊಸದಲ್ಲ. ಅರವತ್ತರ ದಶಕದ ನಮ್ಮ ನವ್ಯ ಸಾಹಿತ್ಯದ ಚರ್ಚೆಗಳಲ್ಲಿ ಆ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿತ್ತು. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವ ನಮ್ಮಂಥವರಿಗೆ ಅವರನ್ನು ದೇವರಲ್ಲಿ ನಂಬಿಕೆಯಿಲ್ಲದ, ಬದುಕಿನ ಅಸಂಗತತೆಯನ್ನು ಕುರಿತು ಚಿಂತಿಸಿದ ಲೇಖಕರೆಂದು ಪರಿಚಯಿಸಲಾಗುತ್ತಿತ್ತು. ಆ ಪರಿಚಯ ಸುಳ್ಳಲ್ಲ, ಆದರೆ ಅಪೂರ್ಣ. ಅವರು ಹುಟ್ಟಿದ್ದು 1913ರ ನವೆಂಬರ್ 7ರಂದು, ಅಲ್ಜೀರಿಯಾದ ಮೊಂಡೋವಿ ಎಂಬಲ್ಲಿ. ಸಂತ ಅಗಸ್ಟೀನರು ಧರ್ಮಾಧ್ಯಕ್ಷರಾಗಿದ್ದ ಹಿಪ್ಪೋ ನಗರ ಅಲ್ಲಿಗೆ ಸಮೀಪದಲ್ಲಿಯೇ ಇದೆ. 1936ರಲ್ಲಿ ಕಮೂ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದ ವಸುವೂ ಕ್ರೈಸ್ತ ತತ್ತ್ವಚಿಂತನೆಯೇ. ಪ್ಲಾಟಿನಸ್ ಮತ್ತು ಅಗಸ್ಟೀನರನ್ನು ಅವರು ಅಲ್ಲಿ ಅಧ್ಯಯನ ಮಾಡಿದ್ದಾರೆ. ಎರಡನೆಯ ಮಹಾಯುದ್ಧದ ತರುವಾಯ ಪ್ಯಾರಿಸಿನ ಡೊಮಿನಿಕನ್ ಗುರುಗಳು ತಮ್ಮ ಮಠಕ್ಕೆ ಅವರನ್ನು ಆಹ್ವಾನಿಸಿ ಮಾತನಾಡಿಸಿದ್ದುಂಟು. ಅವಿಶ್ವಾಸಿಯಾದರೂ ವಿಶ್ವಾಸಿಗಳೊಡನೆ ಮಾತು ಮುರಿದುಕೊಂಡವರಲ್ಲ.

ಅವರ ತಂದೆ ಲೂಸಿಯೆನ್ ಮೊದಲನೆಯ ಮಹಾಯುದ್ಧದ ಮಾರ್ನ್ ಕದನದಲ್ಲಿ ಗಾಯಗೊಂಡು 1914ರ ಅಕ್ಟೋಬರಿನಲ್ಲಿ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದರು. ಮಗುವಿಗೆ ಆಗ ವರುಷವೂ ತುಂಬಿರಲಿಲ್ಲ. ತಾಯಿಗೆ ಕಿವಿ ಸರಿಯಾಗಿ ಕೇಳದು. ಓದು ಬರಹ ತಿಳಿಯದು. ಅಲ್ಜಿಯರ್ಸ್ ನಗರದ ಬೆಲ್ಕೂರ್ ಎಂಬ ಬಡವರ ಕೇರಿಯಲ್ಲಿ ತನ್ನ ತಾಯಿಯ ಮನೆ ಸೇರಿ, ಕಂಡವರ ಮನೆಗಳಲ್ಲಿ ನೆಲ ಒರೆಸಿ, ಬಟ್ಟೆ ಒಗೆದು ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಮನೆಯ ಯಜಮಾನಿಕೆ ಅಜ್ಜಿಯದು, ಆಕೆಯ ಕೈಯಲ್ಲಿ ಚಾವಟಿ. ಪೀಪಾಯಿ ಮಾಡುವ ಕಸುಬಿನ ಸೋದರಮಾವನೊಬ್ಬ ಇದ್ದ, ಆತನಿಗೂ ಮಾತು ಅಷ್ಟಕ್ಕಷ್ಟೆ. ಮನೆಯಲ್ಲಿ ಒಂದು ಪುಸ್ತಕವಿರಲಿಲ್ಲ. ಅಂಥ ಮೌನದ ಮನೆಯಿಂದ ಶತಮಾನದ ದೊಡ್ಡ ಲೇಖಕರಲ್ಲೊಬ್ಬರು ಬಂದರೆಂಬುದನ್ನು ನೆನೆದಾಗ, ನಡುವೆ ಯಾರೋ ಒಬ್ಬರು ನಿಂತಿರಲೇಬೇಕೆಂದು ಹೇಳಲು ಹೆಚ್ಚಿನ ತರ್ಕಶಾಸ್ತ್ರ ಬೇಕಿಲ್ಲ.

ಆ ಒಬ್ಬರು ಲೂಯಿ ಜೆರ್ಮೇನ್. ಅವರೂ ಅದೇ ಯುದ್ಧದಲ್ಲಿ ಹೋರಾಡಿ ಜೀವಸಹಿತ ಹಿಂದಿರುಗಿದವರು. ಯುದ್ಧದ ಕಂದಕಗಳಲ್ಲಿ ಸೈನಿಕರು ಪಟ್ಟ ಪಾಡನ್ನು ಚಿತ್ರಿಸುವ ರೋಲಾಂ ದೊರ್ಜೆಲೆಸ್‌ರ ಕಾದಂಬರಿಯನ್ನು ಅವರು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ತಂದೆಯ ಮುಖವನ್ನೇ ಕಂಡರಿಯದ ಬಾಲಕನು ಮುಂದಿನ ಬೆಂಚಿನಲ್ಲಿ ಕುಳಿತು ಕಣ್ಣೀರು ಸುರಿಸಿದನಂತೆ. ಯುದ್ಧದಲ್ಲಿ ಮಡಿದ ತನ್ನ ಜೊತೆಗಾರರ ಮಕ್ಕಳಿಗೆ, ಶಾಲೆಯ ನಾಲ್ಕು ಗೋಡೆಗಳ ಒಳಗಾದರೂ, ತಂದೆಯ ಸ್ಥಾನದಲ್ಲಿ ನಿಲ್ಲುವುದು ತನ್ನ ಕರ್ತವ್ಯವೆಂದು ಅವರು ಭಾವಿಸಿದ್ದರೆಂಬುದು ಕಮೂ ಮುಂದೆ ಬರೆದ ಆತ್ಮಕಥಾತ್ಮಕ ಕಾದಂಬರಿಯಿಂದ ತಿಳಿದುಬರುತ್ತದೆ. ಹಾಗೆಂದು ಮೇಷ್ಟ್ರು ಬರೀ ಮುದ್ದು ಮಾಡುವವರಾಗಿರಲಿಲ್ಲ. ಬೆನ್ನಿನ ಕೆಳಭಾಗಕ್ಕೆ ಬಾರಿಸುವ ದಪ್ಪ ರೂಲು ದೊಣ್ಣೆಯೊಂದಿತ್ತು. ಅದಕ್ಕೆ ಮಿಠಾಯಿ ಕಡ್ಡಿಯೆಂದು ಅಡ್ಡಹೆಸರು. (ನಮ್ಮ ಕಾಲದ ನಾಗರಬೆತ್ತಗಳಿಗೂ ಇಂಥ ಹೆಸರುಗಳಿದ್ದವು. ಆ ಕಾಲ ಹೋಯಿತು, ಹೋದದ್ದೇ ಒಳ್ಳೆಯದು.)

ಆ ಕಾಲದಲ್ಲಿ ಅಲ್ಜೀರಿಯಾದ ಬಡ ಮಕ್ಕಳಿಗೆ ಪ್ರಾಥಮಿಕ ಶಾಲೆಯೇ ವಿದ್ಯಾಭ್ಯಾಸದ ಕೊನೆ. ಪ್ರೌಢಶಾಲೆಗೆ ಹೋಗಬೇಕಾದರೆ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಜೆರ್ಮೇನ್ ಮೇಷ್ಟ್ರು ಕೆಲವು ಹುಡುಗರನ್ನು ಆರಿಸಿ ಶಾಲೆ ಬಿಟ್ಟ ಮೇಲೆ ಪ್ರತಿಫಲವಿಲ್ಲದೆ ಪಾಠ ಹೇಳಿದರು. ಆದರೆ ಅಜ್ಜಿ ಒಪ್ಪಬೇಕಲ್ಲ! ಆಕೆಯ ಲೆಕ್ಕವೂ ಅನ್ಯಾಯದ್ದಲ್ಲ. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು, ದುಡಿಯುವ ಕೈಗಳು ಕಡಮೆ. ಹುಡುಗನನ್ನು ಎಲ್ಲಿಯಾದರೂ ಕೆಲಸಕ್ಕೆ ಹಚ್ಚಿದರೆ ನಾಲ್ಕು ಕಾಸು ಬರುತ್ತದೆ. ಪ್ರೌಢಶಾಲೆಗೆ ಕಳುಹಿಸಿದರೆ ಆರೇಳು ವರುಷ ಏನೂ ಬಾರದು. ನಮ್ಮ ಊರುಗಳಲ್ಲಿ ಹಂಚಿನ ಕಾರ್ಖಾನೆಗೋ ಬೀಡಿ ಕಟ್ಟುವುದಕ್ಕೋ ಮಕ್ಕಳನ್ನು ಕಳುಹಿಸಿದ ತಾಯಂದಿರ ಲೆಕ್ಕವೂ ಇದೇ ಆಗಿತ್ತು. ಮೇಷ್ಟ್ರು ಆ ಮನೆಗೆ ತಾವೇ ನಡೆದುಹೋದರು, ಅಜ್ಜಿಯ ಎದುರು ಕುಳಿತು ವಾದಿಸಿ ಒಪ್ಪಿಸಿದರು. 1924ರಲ್ಲಿ ಪರೀಕ್ಷೆ ನಡೆದಾಗ ಹುಡುಗರನ್ನು ಸ್ವತಃ ಕರೆದುಕೊಂಡು ಹೋದರು. ಆಲ್ಬೆರ್ ತೇರ್ಗಡೆಯಾದ. ಕಾದಂಬರಿಯಲ್ಲಿ ಬರುವ ಪ್ರಕಾರ, ಫಲಿತಾಂಶದ ಬಳಿಕ ಮೇಷ್ಟ್ರು ಹುಡುಗನಿಗೆ ಹೇಳಿದ್ದು ಇನ್ನು ನಿನಗೆ ನನ್ನ ಅಗತ್ಯವಿಲ್ಲ, ನಿನಗಿಂತ ಹೆಚ್ಚು ಬಲ್ಲ ಗುರುಗಳು ಮುಂದೆ ದೊರೆಯುತ್ತಾರೆ ಎಂಬರ್ಥದ ಮಾತು. ಗೆದ್ದ ಹುಡುಗನಿಗೆ ಅಂದು ಸಂತೋಷಕ್ಕಿಂತ ಅನಾಥಭಾವವೇ ಮುತ್ತಿಕೊಂಡಿತು.

ಶಿಕ್ಷಣದ ತತ್ತ್ವವನ್ನು ಕುರಿತು ಎಷ್ಟೋ ಗ್ರಂಥಗಳಿವೆ. ಆದರೂ ಶಿಕ್ಷಕನ ವೃತ್ತಿಯ ಕಷ್ಟವೆಲ್ಲ ಆ ಒಂದು ಗಳಿಗೆಯಲ್ಲಿದೆಯೆಂದು ನನಗೆ ತೋರುತ್ತದೆ. ಬಡಗಿ ಮಾಡಿದ ಕುರ್ಚಿ ಬಡಗಿಯ ಕಣ್ಣೆದುರಿಗೇ ಇರಬಹುದು. ರೈತ ಬೆಳೆದ ಭತ್ತ ಅವನ ಕಣಜಕ್ಕೇ ಬರುತ್ತದೆ. ಶಿಕ್ಷಕನಾದರೋ ತನ್ನ ಅಗತ್ಯವಿಲ್ಲದಂತೆ ಮಾಡುವುದಕ್ಕಾಗಿಯೇ ದುಡಿಯುತ್ತಾನೆ. ವರುಷ ವರುಷವೂ ಒಂದು ತಂಡ ಬಾಗಿಲಿನಿಂದ ಹೊರಗೆ ಹೋಗುತ್ತದೆ, ಹಿಂದಿರುಗಿ ನೋಡುವುದಿಲ್ಲ. ಪ್ರಭು ಯೇಸು ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನಾದರೂ ಹಿಂದಿರುಗಿ ಬಂದ. ಶಿಕ್ಷಕರ ಲೆಕ್ಕದಲ್ಲಿ ಆ ಪ್ರಮಾಣ ಇನ್ನೂ ಕಡಮೆಯೆಂದು ಅನುಭವಿಗಳು ಹೇಳುತ್ತಾರೆ. ಸ್ವತಃ ಅಗಸ್ಟೀನರು ಸಂತರಾಗುವ ಮೊದಲು ಭಾಷಣಶಾಸ್ತ್ರದ ಅಧ್ಯಾಪಕರಾಗಿದ್ದವರು. ಕಾರ್ಥೇಜಿನ ವಿದ್ಯಾರ್ಥಿಗಳ ಗಲಾಟೆಗೆ ಬೇಸತ್ತು 383ರಲ್ಲಿ ರೋಮಿಗೆ ಹೋದರು. ಅಲ್ಲಿನ ವಿದ್ಯಾರ್ಥಿಗಳು ಗಲಾಟೆ ಮಾಡುತ್ತಿರಲಿಲ್ಲ, ನಿಜ. ಶುಲ್ಕ ಕೊಡುವ ಸಮಯ ಬಂದಾಗ ಗುಂಪಾಗಿ ಬೇರೊಬ್ಬ ಅಧ್ಯಾಪಕರ ಬಳಿಗೆ ಹೋಗಿಬಿಡುತ್ತಿದ್ದರು!

ಈ ಹಿನ್ನೆಲೆಯಲ್ಲಿ ಮೂವತ್ತಮೂರು ವರುಷಗಳ ನಂತರ ಬಂದ ಪತ್ರವನ್ನು ನೋಡಬೇಕು. ಆ ನಡುವೆ ಗುರುಶಿಷ್ಯರ ಸಂಪರ್ಕ ಪೂರ್ತಿ ಕಡಿದುಹೋಗಿರಲಿಲ್ಲ. 1945ರಿಂದೀಚೆಗೆ ಅವರ ನಡುವೆ ಪತ್ರಗಳು ಓಡಾಡಿದ್ದವು. 1957ರ ಅಕ್ಟೋಬರಿನಲ್ಲಿ ಕಮೂ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅಭಿನಂದನೆ, ಸಂದರ್ಶನ, ಟೀಕೆ ಎಲ್ಲವೂ ಒಮ್ಮೆಲೇ ನುಗ್ಗಿದವು. ಒಂದು ತಿಂಗಳು ಕಳೆದು ಗದ್ದಲ ಸ್ವಲ್ಪ ಅಡಗಿದ ಮೇಲೆ, ನವೆಂಬರ್ 19ರಂದು, 44ರ ಹರೆಯದ ಆ ಲೇಖಕ ತಮ್ಮ ಹಳೆಯ ಮೇಷ್ಟ್ರಿಗೆ ಒಂದು ಪುಟ್ಟ ಪತ್ರ ಬರೆದರು. ತಾನು ಬಯಸದ, ಬೇಡದ ದೊಡ್ಡ ಗೌರವವೊಂದು ಬಂದಿದೆ. ಸುದ್ದಿ ತಿಳಿದಾಗ ತಾಯಿಯ ನೆನಪಿನ ಹಿಂದೆಯೇ ಬಂದದ್ದು ನಿಮ್ಮ ನೆನಪು. ಬಡ ಹುಡುಗನೊಬ್ಬನತ್ತ ನೀವು ಪ್ರೀತಿಯಿಂದ ಚಾಚಿದ ಆ ಕೈ, ನಿಮ್ಮ ಪಾಠ, ನಿಮ್ಮ ನಡತೆಯ ಮಾದರಿ ಇಲ್ಲದೆ ಇದೊಂದೂ ಆಗುತ್ತಿರಲಿಲ್ಲ ಎಂಬುದು ಅದರ ಸಾರ. ನಿಮ್ಮ ದುಡಿಮೆ, ನೀವು ಅದರಲ್ಲಿ ತೊಡಗಿಸಿದ ಉದಾರ ಹೃದಯ, ವಯಸ್ಸಾದರೂ ನಿಮ್ಮ ಕೃತಜ್ಞ ವಿದ್ಯಾರ್ಥಿಯಾಗಿಯೇ ಉಳಿದಿರುವ ಆ ಹುಡುಗರಲ್ಲೊಬ್ಬನಲ್ಲಿ ಇನ್ನೂ ಜೀವಂತವಾಗಿವೆ ಎಂದು ತಿಳಿಸುವ ಅವಕಾಶ ಇದರಿಂದ ಒದಗಿತೆಂದೂ ಅವರು ಬರೆದರು. ಮಾತಿಗಷ್ಟೇ ನಿಲ್ಲಲಿಲ್ಲ. ಮರುವರುಷ ಸ್ವೀಡನ್ನಿನ ಭಾಷಣಗಳು ಪುಸ್ತಕವಾಗಿ ಬಂದಾಗ ಅದನ್ನು ಅರ್ಪಿಸಿದ್ದು ಲೂಯಿ ಜೆರ್ಮೇನ್ ಅವರಿಗೆ. ಅವರಿಗೆ ಜಾನ್ ಗ್ರೆನಿಯೆಯಂಥ ಹೆಸರಾಂತ ತತ್ತ್ವಶಾಸ್ತ್ರದ ಗುರುಗಳಿದ್ದರು. ಬೇರೆ ಕೃತಿಗಳನ್ನು ಅವರಿಗೆ ಅರ್ಪಿಸಿದ್ದೂ ಉಂಟು. ಆದರೆ ನೊಬೆಲ್ ಭಾಷಣ ಮಗ್ಗಿ ಮತ್ತು ವ್ಯಾಕರಣ ಕಲಿಸಿದವರ ಪಾಲಿಗೆ ಹೋಯಿತು.

ಗುರುವಿನ ಪತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1959ರ ಏಪ್ರಿಲ್ 30ರಂದು ಅಲ್ಜಿಯರ್ಸಿನಿಂದ ಬರೆದದ್ದು. ಬ್ರಿಸ್ವಿಲ್ ಎಂಬವರು ಕಮೂ ಅವರನ್ನು ಕುರಿತು ಬರೆದ ಪುಸ್ತಕವನ್ನು ಶಿಷ್ಯನೇ ಹಸ್ತಾಕ್ಷರ ಹಾಕಿ ಕಳುಹಿಸಿದ್ದಕ್ಕೆ ಉತ್ತರವದು. ಫ್ರೆಂಚಿನಲ್ಲಿಯೂ ನಮ್ಮ ಕನ್ನಡದಂತೆ ನೀನು, ನೀವು ಎಂಬ ಭೇದವಿದೆ. ನೊಬೆಲ್ ಪಡೆದ ಶಿಷ್ಯ ಮೇಷ್ಟ್ರನ್ನು ನೀವು ಎನ್ನುತ್ತಾನೆ; ಮೇಷ್ಟ್ರು ನೀನು ಎನ್ನುತ್ತಾರೆ, ನನ್ನ ಪ್ರೀತಿಯ ಮಗು ಎಂದು ಸಂಬೋಧಿಸುತ್ತಾರೆ. ಜಗತ್ತೆಲ್ಲ ಮಹಾಶಯರೇ ಎನ್ನುವಾಗ ಮಗು ಎನ್ನುವ ಹಕ್ಕು ಇನ್ನೂ ಒಬ್ಬರಿಗೆ ಉಳಿದಿತ್ತು.

ಆ ಪತ್ರದಲ್ಲಿ ಪ್ರಶಸ್ತಿಯ ಮಾತು ಅಲ್ಪ. ನಿನ್ನ ಸ್ವಭಾವವನ್ನು ಭೇದಿಸಲು ಹೊರಟವರು ಪೂರ್ತಿ ಯಶಸ್ವಿಯಾಗುವುದಿಲ್ಲ, ನಿನ್ನ ಮನಸ್ಸನ್ನು ತೋರಗೊಡದ ಸಂಕೋಚ ನಿನಗೆ ಹುಟ್ಟಿನಿಂದಲೇ ಬಂದದ್ದು ಎನ್ನುತ್ತಾರೆ. ಕೆಲಸವನ್ನು ಮನಸ್ಸಿಟ್ಟು ಮಾಡುವ ಉಪಾಧ್ಯಾಯನಿಗೆ ಮಕ್ಕಳನ್ನು ಅರಿಯುವ ಅವಕಾಶ ಕ್ಷಣಕ್ಷಣಕ್ಕೂ ದೊರೆಯುತ್ತದೆ. ಒಂದು ಉತ್ತರ, ಒಂದು ಹಾವಭಾವ ಸಾಕು ಎನ್ನುತ್ತಾರೆ. ತರಗತಿಯಲ್ಲಿರುವ ಸಂತೋಷ ನಿನ್ನ ಮೈಯೆಲ್ಲ ಎದ್ದು ಕಾಣುತ್ತಿತ್ತು, ಆ ಮುಖ ನೋಡಿ ನಿನ್ನ ಮನೆಯ ನಿಜಸ್ಥಿತಿಯನ್ನು ನಾನು ಊಹಿಸಲೇ ಇಲ್ಲ, ವಿದ್ಯಾರ್ಥಿವೇತನದ ಪಟ್ಟಿಗೆ ಹೆಸರು ಸೇರಿಸುವ ವಿಷಯವಾಗಿ ನಿನ್ನ ಅಮ್ಮ ಬಂದಾಗಲಷ್ಟೇ ಅದರ ಸುಳಿವು ಸಿಕ್ಕಿತು ಎನ್ನುತ್ತಾರೆ. ನೀನೂ ನಿನ್ನ ಅಣ್ಣನೂ ಯಾವಾಗಲೂ ನೀಟಾಗಿ ಬಟ್ಟೆ ತೊಟ್ಟು ಬರುತ್ತಿದ್ದಿರಿ, ನಿನ್ನ ತಾಯಿಯ ಬಗ್ಗೆ ಇದಕ್ಕಿಂತ ದೊಡ್ಡ ಪ್ರಶಂಸೆ ನನಗೆ ಗೊತ್ತಿಲ್ಲ ಎಂಬ ಅವರ ಮಾತನ್ನು ಓದಿದಾಗ, ಕಂಡವರ ಬಟ್ಟೆ ಒಗೆದು ಬಂದು ರಾತ್ರಿ ತನ್ನ ಮಕ್ಕಳ ಬಟ್ಟೆ ಒಗೆದ ಆ ತಾಯಿಯೂ ಆ ಪತ್ರದ ಒಡತಿಯೇ ಎನಿಸುತ್ತದೆ. ಕೀರ್ತಿ ತಲೆಗೇರಲಿಲ್ಲ, ನೀನು ಕಮೂ ಆಗಿಯೇ ಉಳಿದಿರುವೆ ಎಂಬುದು ಅವರಿಗೆ ಪ್ರಶಸ್ತಿಗಿಂತ ಹೆಚ್ಚಿನ ಸಂತೋಷದ ವಿಚಾರ.

ಇಲ್ಲಿ ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗೋಣ. ಸಂತ ತೋಮಸ್ ಅಕ್ವಿನಾಸರು ಬೋಧಕನ ಪಾತ್ರವನ್ನು ವಿವರಿಸುತ್ತ ವೈದ್ಯನ ಹೋಲಿಕೆ ಕೊಡುತ್ತಾರೆ. ರೋಗಿಯನ್ನು ಗುಣಪಡಿಸುವುದು ಮುಖ್ಯವಾಗಿ ಅವನೊಳಗಿನ ಪ್ರಕೃತಿಶಕ್ತಿ. ವೈದ್ಯ ಅದಕ್ಕೆ ನೆರವಾಗುತ್ತಾನೆ. ಅಂತೆಯೇ ವಿದ್ಯಾರ್ಥಿಯ ಬುದ್ಧಿಯೇ ಅರಿಯುತ್ತದೆ. ಗುರು ಹೊರಗಿನಿಂದ ಅದಕ್ಕೆ ಇಂಬುಕೊಡುತ್ತಾನೆ. ಅಗಸ್ಟೀನರು 389ರಲ್ಲಿ ತಮ್ಮ ಮಗ ಅದೆಯೊದಾತುಸನೊಂದಿಗಿನ ಸಂವಾದರೂಪದಲ್ಲಿ ಗುರುವನ್ನು ಕುರಿತೇ ಒಂದು ಗ್ರಂಥ ಬರೆದು, ಹೊರಗಿನ ಮಾತು ಏನನ್ನೂ ಕಲಿಸದು, ನಿಜವಾದ ಗುರು ಒಳಗಿದ್ದಾನೆ ಎಂದರು. ಇದನ್ನು ಒಪ್ಪಿದರೆ ಶಿಕ್ಷಕನಿಗೆ ಗರ್ವಪಡಲು ಜಾಗವೇ ಇಲ್ಲ. ಬೆಳೆದದ್ದು ಮಗುವಿನದೇ ಬೆಳೆ. ಆದರೂ ಅದೇ ಅಗಸ್ಟೀನರು ಆ ಸಂವಾದದಲ್ಲಿ ಮಗನ ಬಾಯಿಂದ ಬಂದ ವಿಚಾರಗಳೆಲ್ಲ ನಿಜವಾಗಿಯೂ ಅವನವೇ, ಆಗ ಅವನಿಗೆ ಹದಿನಾರು ವರುಷ, ಆ ಪ್ರತಿಭೆ ಕಂಡು ಬೆರಗಾಗಿದ್ದೆ ಎಂದು ಆಮೇಲೆ ಬರೆದುಕೊಂಡರು. ಮಗ ಅಷ್ಟರೊಳಗೆ ತೀರಿಕೊಂಡಿದ್ದ. ಇದನ್ನು ಗರ್ವವೆಂದು ಯಾರು ಹೇಳಿಯಾರು? ಗರ್ವಕ್ಕೆ ಕನ್ನಡಿ ಬೇಕು. ಹೆಮ್ಮೆಗೆ ಎದುರಿಗೊಬ್ಬ ಮನುಷ್ಯ ಬೇಕು. ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ರಾಧಾಕೃಷ್ಣನ್ 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿಗೆ ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದರು. ಎಳೆದವರಿಗೂ ಕುಳಿತವರಿಗೂ ಅಂದು ಇದ್ದದ್ದು ಒಂದೇ ಹೆಮ್ಮೆ.

ಕಥೊಲಿಕ ಓದುಗರಿಗೆ ಈ ಪತ್ರದ ಇನ್ನೊಂದು ಭಾಗ ಮುಖ್ಯ; ಅದನ್ನು ಹೇಳದೆ ಬಿಡುವುದು ಪ್ರಾಮಾಣಿಕವಾಗದು. ಜೆರ್ಮೇನ್ ಧರ್ಮನಿರಪೇಕ್ಷ ಸರ್ಕಾರಿ ಶಾಲೆಯ ಕಟ್ಟಾ ಅಭಿಮಾನಿ. ಫ್ರಾನ್ಸಿನಲ್ಲಿ ಆಗ ಖಾಸಗಿ ಶಾಲೆಗಳಿಗೆ ಸರ್ಕಾರದ ನೆರವು ಕೊಡಬೇಕೆ ಬೇಡವೆ ಎಂಬ ವಿವಾದ ಬಿಸಿಯೇರಿತ್ತು. ಅದೇ 1959ರ ಡಿಸೆಂಬರಿನಲ್ಲಿ ಅದಕ್ಕೆ ಕಾನೂನು ಬಂದಿತು. ಸರ್ಕಾರಿ ಶಾಲೆಯ ತರಗತಿಗಳ ಗೋಡೆಗೆ ಶಿಲುಬೆ ತೂಗುಹಾಕುವುದನ್ನು ಅವರು ಆ ಪತ್ರದಲ್ಲಿಯೇ ಕಟುವಾಗಿ ಆಕ್ಷೇಪಿಸುತ್ತಾರೆ. ದೇವರ ಮಾತು ಬಂದಾಗ, ಕೆಲವರು ನಂಬುತ್ತಾರೆ, ಕೆಲವರು ನಂಬುವುದಿಲ್ಲ, ಅವರವರ ಇಷ್ಟ ಎಂದಷ್ಟೇ ತಾನು ಹೇಳುತ್ತಿದ್ದೆನೆನ್ನುತ್ತಾರೆ. ಧರ್ಮಗುರುವಾದ ನಾನು ಇದಕ್ಕೆಲ್ಲ ತಲೆಯಾಡಿಸಲಾರೆ. ನಂಬಿಕೆಯನ್ನು ಅಂಗಿಯ ಬಣ್ಣದಂತೆ ರುಚಿಯ ವಿಷಯವಾಗಿ ಮಾಡುವುದರಿಂದ ಮಗುವಿನ ಹುಡುಕಾಟಕ್ಕೆ ಸಹಾಯವಾಗದೆಂಬುದು ನನ್ನ ತಿಳಿವಳಿಕೆ. ಆದರೂ ಅವರು ಮುಂದುವರಿದು ನೆನಪಿಸುವ ಒಂದು ಘಟನೆ ನನ್ನನ್ನು ಸುಮ್ಮನಾಗಿಸುತ್ತದೆ. ಪ್ರಥಮ ಪರಮಪ್ರಸಾದ ಸ್ವೀಕರಿಸಿದ ದಿನ ಬಾಲಕ ಆಲ್ಬೆರ್ ತನ್ನಂತೆಯೇ ಹೊಸ ಉಡುಪು ತೊಟ್ಟ ಗೆಳೆಯರೊಡನೆ ಮೇಷ್ಟ್ರನ್ನು ನೋಡಲು ಹೋಗಿದ್ದನಂತೆ. ಆ ಉಡುಪು, ಆ ಹಬ್ಬ ಎರಡರಿಂದಲೂ ನೀನು ಹಿಗ್ಗಿದ್ದೆ, ನಿಮ್ಮ ಸಂತೋಷ ಕಂಡು ನಾನೂ ಮನಸಾರೆ ಸಂತೋಷಪಟ್ಟೆ ಎಂದು, ಮೂವತ್ತೈದು ವರುಷ ಕಳೆದ ಮೇಲೆ, ಆ ನಿಷ್ಠುರ ಮನುಷ್ಯ ಬರೆಯುತ್ತಾರೆ. ಮಗುವಿನಲ್ಲಿರುವ ಅತ್ಯಂತ ಪವಿತ್ರವಾದುದು ತನ್ನ ಸತ್ಯವನ್ನು ತಾನೇ ಹುಡುಕುವ ಹಕ್ಕು, ಅದನ್ನು ನಾನು ಗೌರವಿಸಿದ್ದೇನೆ ಎಂಬುದು ಅವರ ನಂಬುಗೆ. ಕಾದಂಬರಿಯಲ್ಲಿ ಅದೇ ಪರಮಪ್ರಸಾದದ ಸಿದ್ಧತೆಯ ಪ್ರಸಂಗವೂ ಬರುತ್ತದೆ. ಅಲ್ಲಿ ಧರ್ಮೋಪದೇಶದ ತರಗತಿ ನಡೆಸುವ ಗುರುಗಳು ಹುಡುಗ ತಮ್ಮನ್ನು ಅಣಕಿಸಿದನೆಂದು ತಪ್ಪಾಗಿ ತಿಳಿದು ಕಪಾಳಕ್ಕೆ ಬಾರಿಸುತ್ತಾರೆ. ಪವಿತ್ರ ಸಂಸ್ಕಾರದ ದಿನದಿಂದ ಒಬ್ಬರು ಹಂಚಿಕೊಂಡ ಸಂತೋಷವೂ ಇನ್ನೊಬ್ಬರು ಕೊಟ್ಟ ಏಟೂ ಬರಹದಲ್ಲಿ ಉಳಿದುಬಿಟ್ಟವು. ಭಾನುವಾರದ ಧರ್ಮೋಪದೇಶಕ್ಕೆ ಮಕ್ಕಳನ್ನು ಕೂಡಿಸುವ ನಾವೆಲ್ಲ ಈ ಪುಟವನ್ನು ಒಮ್ಮೆ ಓದಬಹುದು.

ನಮ್ಮ ಹಳ್ಳಿಗಳ ಎಷ್ಟೋ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳು ಮಕ್ಕಳಿಲ್ಲದೆ ಬಾಗಿಲು ಹಾಕಿವೆ. ಚರ್ಚಿನ ಪಕ್ಕದ ಶಾಲೆಗಳೂ ಇದಕ್ಕೆ ಹೊರತಲ್ಲ. ಕಟ್ಟಡ ಸಭಾಭವನವಾದರೂ ಆದೀತು. ಅಲ್ಲಿ ಮೂವತ್ತು ನಲವತ್ತು ವರುಷ ಕಲಿಸಿ, ಈಗ ಮನೆಯ ಜಗಲಿಯಲ್ಲಿ ಕುಳಿತಿರುವ ಟೀಚರಮ್ಮನಿಗೆ ತನ್ನ ದುಡಿಮೆಯ ಸಾಕ್ಷಿಯಾಗಿ ತೋರಿಸಲು ಗೋಡೆಯೂ ಉಳಿಯದಿದ್ದಾಗ, ಬಿಸ್ಕತ್ತಿನ ಡಬ್ಬಿಯ ಆ ನಾಲ್ಕು ಸಾಲಿನ ತೂಕ ಬೇರೆಯೇ ಆಗುತ್ತದೆ. ವಿದ್ಯಾರ್ಥಿಗಳು ನೊಬೆಲ್ ಪಡೆಯಬೇಕೆಂದಿಲ್ಲ. ಹೆಚ್ಚಿನವರು ಪಡೆಯುವುದೂ ಇಲ್ಲ. ಪತ್ರ ಬರೆಯದವರೆಲ್ಲ ಕೃತಘ್ನರೂ ಅಲ್ಲ. ಸಾಧಿಸಿದ್ದು ಸಾಲದು, ಇನ್ನೂ ಸ್ವಲ್ಪ ಮೇಲೆ ಬಂದ ಮೇಲೆ ಹೋಗಿ ಕಾಣೋಣವೆಂದು ನಾಚಿಕೆಯಿಂದ ದೂರ ಉಳಿದವರೇ ಅವರಲ್ಲಿ ಹೆಚ್ಚು. ಆ ನಾಚಿಕೆ ಬಿಡುವಷ್ಟರಲ್ಲಿ ಎಷ್ಟೋ ವೇಳೆ ಮೇಷ್ಟ್ರ ಮರಣದ ಗಂಟೆ ಹೊಡೆದಿರುತ್ತದೆ.

ಕೆಲವೊಮ್ಮೆ ಅದಕ್ಕೆ ವಿರುದ್ಧವಾಗಿಯೂ ನಡೆಯುತ್ತದೆ. ಮಹಾ ಆಲ್ಬರ್ಟರು ತಮ್ಮ ಮೌನಿ ಶಿಷ್ಯನನ್ನು ಸಹಪಾಠಿಗಳು ಮೂಗೆತ್ತು ಎಂದು ಗೇಲಿಮಾಡಿದಾಗ, ಈ ಎತ್ತಿನ ಕೂಗು ಲೋಕವೆಲ್ಲ ಕೇಳುವ ದಿನ ಬರುತ್ತದೆಂದು ಹೇಳಿದರೆಂಬ ಐತಿಹ್ಯವಿದೆ. ಆ ಶಿಷ್ಯ ತೋಮಸ್ ಅಕ್ವಿನಾಸ್ 1274ರಲ್ಲಿ ತೀರಿಕೊಂಡರು. ಗುರು ಆಲ್ಬರ್ಟರು 1280ರವರೆಗೂ ಬದುಕಿದ್ದರು.

ಆಲ್ಬೆರ್ ಕಮೂ 1960ರ ಜನವರಿ 4ರಂದು ಫ್ರಾನ್ಸಿನ ವಿಲ್‌ಬ್ಲೆವಾಂ ಎಂಬಲ್ಲಿ ಮೋಟಾರು ಅಪಘಾತದಲ್ಲಿ ಮಡಿದರು. ಗುರುವಿನ ಆ ಪತ್ರ ಬಂದು ಎಂಟು ತಿಂಗಳಷ್ಟೇ ಆಗಿತ್ತು. ಅವರ ಚೀಲದಲ್ಲಿ ಅಪೂರ್ಣವಾದ ಹಸ್ತಪ್ರತಿಯೊಂದು ಸಿಕ್ಕಿತು; 'ಮೊದಲ ಮನುಷ್ಯ' ಎಂಬ ಅರ್ಥದ ಹೆಸರಿನ ಕಾದಂಬರಿ, ಬಾಲ್ಯದ ಕಥೆ. ಅದರಲ್ಲಿ ಮೇಷ್ಟ್ರಿಗೆ ಬೆರ್ನಾರ್ ಎಂದು ಹೆಸರಿಟ್ಟಿದ್ದಾರೆ. ಆದರೆ ಬರವಣಿಗೆಯ ಓಟದಲ್ಲಿ ಕಾಲ್ಪನಿಕ ಹೆಸರು ಮರೆತು ಜೆರ್ಮೇನ್ ಎಂದೇ ಬರೆದುಬಿಟ್ಟದ್ದೂ ಇದೆ. ಅದೇ ವರುಷ ಅವರ ತಾಯಿಯೂ ತೀರಿಕೊಂಡರು. ಜೆರ್ಮೇನ್ 1966ರವರೆಗೆ ಬದುಕಿದ್ದರು. ಕಾದಂಬರಿ 1994ರಲ್ಲಿ ಕಮೂ ಅವರ ಮಗಳ ಮುತುವರ್ಜಿಯಿಂದ ಪ್ರಕಟವಾದಾಗ ಕೊನೆಯಲ್ಲಿ ಅನುಬಂಧವಾಗಿ ಆ ಎರಡೂ ಪತ್ರಗಳನ್ನು ಸೇರಿಸಲಾಯಿತು. ಶಿಷ್ಯನದು ಮೊದಲು, ಮೇಷ್ಟ್ರದು ಆಮೇಲೆ.